ಹೊಸ್ತಿಲ ಮಾತು

ಮದುವೆಯಾದ ಮೊದಲ ಹನ್ನೆರಡು ವರ್ಷಗಳಲ್ಲಿ ನಾನು ಒಂಬತ್ತು ಬಾಡಿಗೆ ಮನೆಗಳಲ್ಲಿ ಒಲೆ ಹಚ್ಚಿದ್ದೇನೆ. ನಮ್ಮ ಯಜಮಾನರಿಗೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ. ಅರಕಲಗೂಡಿಗೆ ಹಾಕಿದರು, ಅಲ್ಲಿಂದ ಚನ್ನರಾಯಪಟ್ಟಣ, ಮತ್ತೆ ಅರಕಲಗೂಡು, ಕೊನೆಗೆ ಹಾಸನ. ಒಂದೊಂದು ಊರಿನಲ್ಲೂ ಎರಡು ಮೂರು ಮನೆ. ವರ್ಗದ ಕಾಗದ ಬಂದ ದಿನ ಅವರು ಕೋಟು ತೆಗೆದು ಗೂಟಕ್ಕೆ ಸಿಕ್ಕಿಸಿ "ಬಂತು ಕಣೇ" ಅನ್ನುತ್ತಿದ್ದರು. ಏನು ಬಂತು ಅಂತ ನಾನು ಕೇಳುತ್ತಲೇ ಇರಲಿಲ್ಲ, ಅಟ್ಟದಿಂದ ಟ್ರಂಕು ಇಳಿಸುತ್ತಿದ್ದೆ.

ಅರಕಲಗೂಡಿನಲ್ಲಿ ಮನೆಯ ಒಡತಿ ಗೋಡೆಗೆ ಮೊಳೆ ಹೊಡೆಯಬಾರದು ಅಂದಿದ್ದಳು. ಮಗನ ತೊಟ್ಟಿಲು ಕಟ್ಟಲು ತೊಲೆಗೆ ಹಗ್ಗ ಹಾಕಿದ್ದನ್ನೂ ಬಂದು ನೋಡಿ ಮುಖ ಗಂಟಿಕ್ಕಿದಳು. ಚನ್ನರಾಯಪಟ್ಟಣದಲ್ಲಿ ನಾನು ಬಾವಿಯಿಂದ ಎಷ್ಟು ಕೊಡ ನೀರು ಸೇದಿದೆ ಅಂತ ಮನೆಯ ಒಡೆಯ ಜಗಲಿಯ ಮೇಲೆ ಕೂತು ಎಣಿಸುತ್ತಿದ್ದ. ಹಾಸನದ ಮನೆಯಲ್ಲಿ ಒಡೆಯರ ಕಡೆಯವರು ಹಿತ್ತಲಿಗೆ ಹೋಗಬೇಕಾದರೆ ನಮ್ಮ ಅಡುಗೆಮನೆ ದಾಟಿಯೇ ಹೋಗಬೇಕು. ನಾನು ತಟ್ಟೆಯ ಮುಂದೆ ಕೂತ ಹೊತ್ತಿಗೆ ಸರಿಯಾಗಿ ಅವರಿಗೆ ಹಿತ್ತಲ ನೆನಪಾಗುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅದನ್ನು ನುಂಗಿ ನುಂಗಿ, ಕೂತಲ್ಲಿ ಕೂರುವುದೇ ನನಗೆ ಮರೆತುಹೋಯಿತು. ಮಧ್ಯಾಹ್ನ ಎಲ್ಲರೂ ಅಡ್ಡಾದರೆ ನಾನು ಪಾತ್ರೆಗಳನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸುತ್ತ ಓಡಾಡುತ್ತಿದ್ದೆ. ನನಗೆ ಬೇಕಾಗಿದ್ದದ್ದು ಇಷ್ಟೇ. ಯಾರೂ ಅಡ್ಡ ಹಾಯದ, ನನ್ನ ಬೀಗ ಬೀಳುವ ಒಂದು ಮನೆ.

ಮನೆ ಅಂತ ಒಂದು ಇತ್ತು, ಹೊಳೆನರಸೀಪುರದಲ್ಲಿ. ಹೇಮಾವತಿ ಹೊಳೆಗೆ ಇಳಿಯುವ ದಾರಿಯಲ್ಲಿ, ನನ್ನ ಮದುವೆಗೆ ಎರಡು ವರ್ಷ ಮುಂಚೆ ಅಪ್ಪ ಕೊಂಡದ್ದು. ಆ ವ್ಯಾಪಾರ ಕುದುರಿದ ದಿನ ನಾನೂ ಅಮ್ಮನೂ ಅಪ್ಪನ ಹಿಂದೆ ನಿಂತಿದ್ದೆವು. ದಲ್ಲಾಳಿಗಳು ಚನ್ನರಾಯಪಟ್ಟಣದ ಒಬ್ಬ ಜೈನರು, ಆಗಲೇ ಐವತ್ತರ ಆಸುಪಾಸು. ಕರಿಯ ಕೋಟು, ಕಂಕುಳಲ್ಲಿ ಕೊಡೆ, ಕಾಲಿಗೆ ಮಾತ್ರ ಏನೂ ಇಲ್ಲ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕಾದವರು, ಆದ್ದರಿಂದ ಸಂಜೆಯ ಮಾತುಕತೆಗೆ ಕೂರುತ್ತಲೇ ಇರಲಿಲ್ಲ. ನಮ್ಮ ಕಡೆಯ ನಾಲ್ಕೂ ಊರುಗಳಲ್ಲಿ ಮನೆ ಮಾರುವವರು, ಕೊಳ್ಳುವವರು ಅವರನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಆಗಿನ ಪದ್ಧತಿಯನ್ನು ಸ್ವಲ್ಪ ಹೇಳಬೇಕು. ಮಾರುವವರಿಗೂ ಕೊಳ್ಳುವವರಿಗೂ ನಡುವೆ ಒಬ್ಬರೇ ದಲ್ಲಾಳಿ. ಮಾರುವವರು ನೂರಕ್ಕೆ ಎರಡು ರೂಪಾಯಿಯಂತೆ ರಿಜಿಸ್ಟರ್ ಆದ ದಿನವೇ ಕೊಡಬೇಕು. ಕೊಳ್ಳುವವರು ನೂರಕ್ಕೆ ಒಂದು ರೂಪಾಯಿ ಕೊಟ್ಟರೆ ಸಾಕು, ಅದೂ ಆ ಮನೆಯಲ್ಲಿ ಒಂದು ಮಳೆಗಾಲ ಕಳೆದ ಮೇಲೆ. ಸೂರು ಸೋರಿದರೆ, ಗೋಡೆ ಕುಸಿದರೆ, ದಾಯಾದಿಗಳು ಬಂದು ತಕರಾರು ತೆಗೆದರೆ ಆ ರೂಪಾಯಿ ಇಲ್ಲ. ಅದಕ್ಕೇ ಮುಂಗಡ ಕೈ ಬದಲಾಗುವ ಮೊದಲು ದಲ್ಲಾಳಿ ಹೊಸ್ತಿಲ ಹೊರಗೆ ನಿಂತು, ಎರಡೂ ಕಡೆಯವರ ಎದುರಿಗೆ, ಮನೆಯ ಕುಂದುಗಳನ್ನು ಒಂದೊಂದಾಗಿ ಹೇಳಿಬಿಡುತ್ತಿದ್ದರು. ಅದನ್ನು ಹೊಸ್ತಿಲ ಮಾತು ಅನ್ನುತ್ತಿದ್ದರು. ಹೇಳಿದ ಕುಂದಿಗೆ ತಕ್ಕಂತೆ ಬೆಲೆ ಇಳಿಯುತ್ತಿತ್ತು. ದಲ್ಲಾಳಿ ಏನೂ ಹೇಳದೆ ಸುಮ್ಮನೆ ನಿಂತರೆ ಆ ಮನೆಗೆ ಕುಂದಿಲ್ಲ ಅಂತ ಅರ್ಥ, ಎಲ್ಲರೂ ಹಾಗೇ ತಿಳಿಯುತ್ತಿದ್ದರು.

ಆವತ್ತು ಅವರು ಅಪ್ಪನಿಗೆ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ಆಷಾಢದಲ್ಲಿ ಹೊಳೆ ಏರಿದಾಗ ಅಡುಗೆಮನೆ ನೆಲದಲ್ಲಿ ಜಲ ಬರ್ತದೆ ಸ್ವಾಮಿ. ಮೇಲೆ ಒಣಗಿದಂಗೆ ಕಂಡ್ರೂ ಒಳಗೆ ತೇವ ಇದ್ದೇ ಇರ್ತದೆ. ನೆಲಕ್ಕೆ ಏನನ್ನೂ ಇಡಬೇಡಿ." ಮಾರುವವನ ಮುಖ ಹುಳ್ಳಗಾಯಿತು. ಅಪ್ಪ ಬೆಲೆ ಇಳಿಸಿ ಕೊಂಡ. ಅಮ್ಮ ಆ ಅಡುಗೆಮನೆಯಲ್ಲಿ ಬದುಕಿರುವಷ್ಟು ದಿನವೂ ಅಕ್ಕಿ, ಬೇಳೆ, ಸೌದೆ ಎಲ್ಲವನ್ನೂ ಹಲಗೆಯ ಮೇಲೆ ಇಟ್ಟುಕೊಂಡು ಬಾಳಿದಳು. ಮಳೆಗಾಲ ಕಳೆದ ಮೇಲೆ ಅಪ್ಪ ದಲ್ಲಾಳಿಗಳ ರೂಪಾಯಿಗಳನ್ನು ವೀಳ್ಯದ ಮೇಲಿಟ್ಟು ಕೊಟ್ಟ. ಅವರು ಬಂದವರೇ ಮೊದಲು ಅಡುಗೆಮನೆಗೆ ಹೋಗಿ ನೆಲ ಮುಟ್ಟಿ ನೋಡಿ, ಆಮೇಲೆ ತೆಗೆದುಕೊಂಡರು.

ಅಪ್ಪ ಹೋದ, ಕೆಲವು ವರ್ಷಕ್ಕೆ ಅಮ್ಮನೂ ಹೋದಳು. ನನಗೆ ಒಡಹುಟ್ಟಿದವರಿಲ್ಲ, ಮನೆ ನನ್ನ ಹೆಸರಿಗೆ ಬಂತು. ಆದರೆ ನಮ್ಮ ಯಜಮಾನರಿಗೆ ಹೊಳೆನರಸೀಪುರಕ್ಕೆ ಒಮ್ಮೆಯೂ ವರ್ಗವಾಗಲಿಲ್ಲ. ಮಕ್ಕಳಿಬ್ಬರೂ ಹಾಸನದ ಸ್ಕೂಲಿನಲ್ಲಿ. ಬೀಗ ಹಾಕಿದ ಮನೆ ಅಲ್ಲಿ, ಬೀಗ ಹಾಕಲಾಗದ ಮನೆಯಲ್ಲಿ ನಾನು ಇಲ್ಲಿ. ಅಷ್ಟರಲ್ಲಿ ಯುದ್ಧ ಶುರುವಾಗಿ ಎಲ್ಲದರ ಬೆಲೆ ಏರಿತು. ಹೊಗೆಸೊಪ್ಪಿನವರು, ಮಂಡಿಯವರು ಕೈಯಲ್ಲಿ ದುಡ್ಡಿಟ್ಟುಕೊಂಡು ಮನೆ ಮನೆ ಅಂತ ತಿರುಗತೊಡಗಿದರು. ಇದೇ ಸಮಯ, ಅದನ್ನು ಮಾರಿ ಹಾಸನದಲ್ಲಿ ಒಂದು ಮನೆ ಮಾಡೋಣ ಅಂತ ನಾನು ಹಟ ಹಿಡಿದೆ.

ಆ ಹೊತ್ತಿಗೆ ದಲ್ಲಾಳಿಕೆಯ ಕಾಯಿದೆ ಬದಲಾಗಿತ್ತು. ಸರ್ಕಾರದ ಕಾಯಿದೆಯೇನಲ್ಲ, ದಲ್ಲಾಳಿಗಳೇ ಹಾಸನದ ಒಂದು ಛತ್ರದಲ್ಲಿ ಸೇರಿ ಮಾಡಿಕೊಂಡ ಕಟ್ಟುಪಾಡು. ಅವರ ಕಡೆಯೂ ನ್ಯಾಯ ಇತ್ತು. ಕೊಂಡವರು ಮಳೆಗಾಲ ಕಳೆದ ಮೇಲೆ ಒಂದು ಹೆಂಚು ಜಾರಿದ್ದನ್ನು ತೋರಿಸಿ ದಲ್ಲಾಳಿಯ ರೂಪಾಯಿ ಮುಳುಗಿಸುತ್ತಿದ್ದರು. ಮಾರುವವರಿಗೆ, ನಮ್ಮ ದುಡ್ಡು ತಿಂದು ನಮ್ಮ ಮನೆಯನ್ನೇ ಆಡಿಕೊಳ್ಳುತ್ತಾನಲ್ಲ ಅಂತ ಸಿಟ್ಟು. ಹಾಗಾಗಿ ಹೊಸ ಕಟ್ಟುಪಾಡಿನಲ್ಲಿ ಮಾರುವವರಿಗೆ ಒಬ್ಬ ದಲ್ಲಾಳಿ, ಕೊಳ್ಳುವವರಿಗೆ ಇನ್ನೊಬ್ಬ. ಅವರವರ ದಲ್ಲಾಳಿಗೆ ಅವರವರೇ ನೂರಕ್ಕೆ ಎರಡರಂತೆ ರಿಜಿಸ್ಟರ್ ಆದ ದಿನವೇ ಕೊಡಬೇಕು. ಎರಡು ಕಡೆಯಿಂದ ತೆಗೆದುಕೊಳ್ಳುವ ಹಾಗಿಲ್ಲ, ಒಂದು ಕಡೆಯವನು ಇನ್ನೊಂದು ಕಡೆಗೆ ಬಾಯಿ ಬಿಡುವ ಹಾಗಿಲ್ಲ. ಹೊಸ್ತಿಲ ಮಾತು ಅಲ್ಲಿಗೆ ನಿಂತಿತು.

ಇದನ್ನು ಕೇಳಿ ನಾನು ಖುಷಿಪಟ್ಟೆ, ಅದನ್ನು ಈಗ ಮುಚ್ಚಿಡುವುದಿಲ್ಲ. ಮಾರುವವಳು ನಾನಲ್ಲವೇ. ಅದೇ ಚನ್ನರಾಯಪಟ್ಟಣದ ದಲ್ಲಾಳಿಗಳಿಗೆ ಹೇಳಿ ಕಳಿಸಿದೆ. ಅವರಿಗೆ ಅರವತ್ತು ದಾಟಿತ್ತು, ಕೊಡೆ ಈಗ ಊರುಗೋಲಾಗಿತ್ತು. ಕಾರ್ತಿಕ ಮಾಸ, ಅಡುಗೆಮನೆಯ ನೆಲ ಚೊಕ್ಕಟವಾಗಿ ಒಣಗಿತ್ತು. ನಾನೇ ಹೋಗಿ ಸೆಗಣಿ ಸಾರಿಸಿ, ಅಮ್ಮನ ಹಲಗೆಗಳನ್ನೆಲ್ಲ ಎತ್ತಿಸಿ ಪಕ್ಕದ ಮನೆಗೆ ಸೌದೆಗೆ ಕೊಟ್ಟುಬಿಟ್ಟೆ. ಹಲಗೆ ನೋಡಿದರೆ ಯಾಕೆ ಅಂತ ಕೇಳುತ್ತಾರೆ. ದಲ್ಲಾಳಿಗಳು ಬರಿದಾದ ಅಡುಗೆಮನೆಯನ್ನು ನೋಡಿದರು, ನನ್ನನ್ನು ನೋಡಿದರು.

"ನೀವೀಗ ನಮ್ಮ ಕಡೆಯವರು. ನೆಲದ ಮಾತು ಎತ್ತಬೇಡಿ" ಅಂದೆ.

"ಅವರಾಗೇ ಕೇಳಿದ್ರೆ ತಾಯಿ?"

"ಕೇಳಿದ್ರೂ."

ಕೊಳ್ಳಲು ಬಂದವರು ಅರಕಲಗೂಡು ಕಡೆಯವರು, ಹೊಗೆಸೊಪ್ಪು ಬೆಳೆದು, ಕೊಂಡು ಮಾರಿ ನಾಲ್ಕು ಕಾಸು ಮಾಡಿದ ಗಂಡ ಹೆಂಡತಿ. ಅವರ ದಲ್ಲಾಳಿ ಸೈಕಲ್ಲಿನ ಮೇಲೆ ಬಂದ ಹೊಸಬ. ರೈಲ್ವೆ ಸ್ಟೇಷನ್ನು ಎಷ್ಟು ಹತ್ತಿರ, ಹೊಳೆ ಎಷ್ಟು ಹತ್ತಿರ ಅಂತ ಬೀದಿಯಲ್ಲೇ ನಿಂತು ಹೊಗಳಿದ. ಅವನ ಕಣ್ಣೆಲ್ಲ ವ್ಯಾಪಾರ ಇವತ್ತೇ ಮುಗಿಯುತ್ತದಾ ಅನ್ನುವುದರ ಮೇಲೆ, ಆ ನೆಲವನ್ನು ಅವನು ನೋಡಲೇ ಇಲ್ಲ. ಹೆಂಗಸು ಮಾತ್ರ ಒಳಗೆ ಬಂದು, ಹಿಮ್ಮಡಿಯಿಂದ ನೆಲ ಒತ್ತಿ ನೋಡಿ, ತಂಪಾಗೈತೆ ಅಂದಳು. ನಾನು ಸೀರೆಯ ಸೆರಗು ಸರಿಮಾಡಿಕೊಂಡೆ. ನಮ್ಮ ದಲ್ಲಾಳಿಗಳು ಅಷ್ಟು ಹೊತ್ತೂ ಬೀದಿಯ ಆಚೆ ಬದಿಯಲ್ಲಿ, ನಮಗೆ ಬೆನ್ನು ಹಾಕಿ ನಿಂತಿದ್ದರು. ರಿಜಿಸ್ಟರ್ ಆದ ದಿನ ಅವರ ಹಣ ಕೊಟ್ಟಾಗ ಎಣಿಸದೆ ಜೇಬಿಗೆ ಹಾಕಿಕೊಂಡು ಹೋದರು.

ಇನ್ನು ಕೊಳ್ಳುವ ಕೆಲಸ. ಎರಡು ತಿಂಗಳು ನಾನು ಹಾಸನದ ಒಂದು ಬೀದಿ ಬಿಡದೆ ತಿರುಗಿದೆ. ಇವತ್ತು ನೋಡಿದ ಮನೆಗೆ ನಾಳೆ ಬೆಲೆ ಹೆಚ್ಚು. ದುಡ್ಡು ಮನೆಯಲ್ಲಿ ಇದ್ದಷ್ಟು ದಿನ ನನಗೆ ನಿದ್ದೆ ಇಲ್ಲ, ಊಟ ಸೇರದು, ಮಕ್ಕಳ ಮೇಲೆ ರೇಗಾಟ. ಕೊನೆಗೆ ಪೇಟೆಯಿಂದ ಸ್ವಲ್ಪ ಒಳಗೆ ಒಂದು ಹೆಂಚಿನ ಮನೆ ಸಿಕ್ಕಿತು. ನಡುಮನೆ, ಅಡುಗೆಮನೆ, ಅದರ ಹಿಂದೆ ಒಂದು ಚಿಕ್ಕ ಕೋಣೆ, ಹಿತ್ತಲಲ್ಲಿ ಸೀಬೆ ಮರ. ಒಡೆಯ ಮೈಸೂರಿನಲ್ಲಿ ಅಂಗಡಿ ಇಡಲು ಹೊರಟಿದ್ದ, ಆತುರದಲ್ಲಿದ್ದ. ಅವನ ದಲ್ಲಾಳಿ ಯಾರು ಅಂತ ನೋಡಿದರೆ, ನಮ್ಮವರೇ, ಚನ್ನರಾಯಪಟ್ಟಣದವರು. ನನಗೆ ಎಷ್ಟು ನೆಮ್ಮದಿಯಾಯಿತೆಂದರೆ ಹೇಳತೀರದು.

ನಮ್ಮ ಯಜಮಾನರು ನಾವೂ ಒಬ್ಬ ದಲ್ಲಾಳಿಯನ್ನು ಇಟ್ಟುಕೊಳ್ಳೋಣ ಅಂದರು. ನಮ್ಮ ಜೊತೆ ನಡೆದುಬರುವುದಕ್ಕೆ ನೂರಕ್ಕೆ ಎರಡು ಯಾಕೆ ಕೊಡಬೇಕು, ನನಗೆ ಕಣ್ಣಿಲ್ಲವೇ ಅಂತ ನಾನು ಬಾಯಿ ಮುಚ್ಚಿಸಿದೆ. ಹಳೆಯ ದಲ್ಲಾಳಿಗಳೂ ಅದನ್ನೇ ಹೇಳಿದರು, ಒಂದು ಸಲ ಅಲ್ಲ, ಮೂರು ಸಲ. "ನಿಮ್ಮ ಕಡೆಗೆ ಅಂತ ಒಬ್ಬರನ್ನ ಇಟ್ಕೊಳಿ ತಾಯಿ." ತಮ್ಮವರಲ್ಲಿ ಯಾರಿಗೋ ಒಂದು ಗಿರಾಕಿ ಹುಡುಕುತ್ತಿದ್ದಾರೆ ಅಂತ ನಾನು ಒಳಗೊಳಗೇ ನಕ್ಕೆ. ಹಿಂದಿನ ಕೋಣೆ ತೆಗೆಸಿ ನೋಡಿದೆ. ಒಂದು ಚಾಪೆ, ಬೀಸುವ ಕಲ್ಲು, ಮರದ ಪೆಟ್ಟಿಗೆ. ಹಳೇ ಸಾಮಾನು, ತೆಗೆಸುತ್ತೇನೆ ಅಂದ ಒಡೆಯ.

ಮುಂಗಡ ಕೊಡುವ ಮೊದಲು ಹೊಸ್ತಿಲ ಹತ್ತಿರ ನಿಂತು ದಲ್ಲಾಳಿಗಳನ್ನೇ ಕೇಳಿದೆ, ಏನಾದರೂ ಕುಂದು ಇದೆಯಾ ಅಂತ.

"ನಾನು ಅವರ ಕಡೆಯವನು ತಾಯಿ" ಅಂದು ಅವರು ಸುಮ್ಮನಾದರು.

ನಾನು ಕಾದೆ. ಅವರು ಮತ್ತೇನೂ ಹೇಳಲಿಲ್ಲ. ಕೊಡೆಯ ತುದಿಯಿಂದ ನೆಲದ ಮೇಲೆ ಗೀಚುತ್ತ ನಿಂತಿದ್ದರು. ಹೇಳಲು ಕುಂದಿಲ್ಲ, ಅದಕ್ಕೇ ಸುಮ್ಮನಿದ್ದಾರೆ ಅಂತ ನನ್ನ ಮನಸ್ಸು ತಾನಾಗಿಯೇ ತಿಳಿದುಕೊಂಡಿತು. ಅಪ್ಪನ ಕಾಲದಿಂದ ನಾನು ಕಲಿತದ್ದು ಅದೇ. ಕಟ್ಟುಪಾಡು ಬದಲಾದದ್ದು ಗೊತ್ತಿತ್ತು, ಅದರಿಂದ ಲಾಭ ಮಾಡಿಕೊಂಡವಳೂ ನಾನೇ, ಆದರೂ ಆ ಮನುಷ್ಯನ ಮೌನವನ್ನು ಹಳೆಯ ಲೆಕ್ಕದಲ್ಲೇ ಕೇಳಿಸಿಕೊಂಡೆ. ಈ ತಪ್ಪನ್ನು ಹೊರಗಿನವರು ಮಾಡುತ್ತಿರಲಿಲ್ಲ, ಮೈಸೂರಿನವರೋ ಬೆಂಗಳೂರಿನವರೋ ಆಗಿದ್ದರೆ ಇನ್ನೊಂದು ಮಾತು ಕೇಳುತ್ತಿದ್ದರು.

ಮಾಘದಲ್ಲಿ ಮನೆಗೆ ಬಂದೆವು. ಮೊದಲ ದಿನವೇ ನಾನು ಸುತ್ತಿಗೆ ತೆಗೆದುಕೊಂಡು ನಡುಮನೆಯ ಗೋಡೆಗೆ ಹನ್ನೊಂದು ಮೊಳೆ ಹೊಡೆದೆ. ನೇತುಹಾಕಲು ನಮ್ಮಲ್ಲಿ ಇದ್ದದ್ದು ಎರಡು ಪಟ, ಒಂದು ಕ್ಯಾಲೆಂಡರು. ಉಳಿದ ಎಂಟು ಮೊಳೆ ಹಾಗೇ ಇದ್ದವು, ಅವನ್ನು ನೋಡಿದರೆ ನನಗೆ ಆನಂದ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಡುಮನೆಯ ನಡುವೆ ಕಾಲು ಚಾಚಿ ಕೂರುತ್ತಿದ್ದೆ. ಹಿಂದಿನ ಕೋಣೆಯ ಸಾಮಾನು ಮಾತ್ರ ಯಾರೂ ತೆಗೆಸಿರಲಿಲ್ಲ.

ಯುಗಾದಿ ಕಳೆದು ಒಂದು ವಾರ. ಬೆಳಿಗ್ಗೆ ರಂಗೋಲಿ ಬಿಡುತ್ತಿದ್ದೆ. ಬಟ್ಟೆಯ ಗಂಟು ಹೊತ್ತ ಒಬ್ಬ ಮುದುಕಿ ಬಂದು ನನ್ನ ಪಕ್ಕದಲ್ಲೇ ಹಾದು ಹೊಸ್ತಿಲು ದಾಟಿ, ಒಳಗೆ ಎರಡು ಹೆಜ್ಜೆ ಇಟ್ಟವಳು ತಿರುಗಿ ನೋಡಿ, "ಯಾರವ್ವಾ ನೀನು?" ಅಂದಳು. ನನ್ನ ಮನೆಯಲ್ಲಿ ನನ್ನನ್ನು. ನಾನು ಕೇಳಬೇಕಾದ ಮಾತನ್ನು ಅವಳು ಕೇಳಿದ್ದಳು, ನಾನು ರಂಗೋಲಿ ಬಟ್ಟಲು ಹಿಡಿದುಕೊಂಡೇ ಅವಳ ಹಿಂದೆ ಒಳಗೆ ಹೋದೆ.

ಮನೆ ಮಾರಿದವನ ಸೋದರತ್ತೆ ಅವಳು. ಎಳೆಯ ವಯಸ್ಸಿನಲ್ಲೇ ಗಂಡ ಸತ್ತು, ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆ ಸೇರಿದವಳು. ಅಣ್ಣ ಸಾಯುವ ಮುಂಚೆ, ಆ ಹಿಂದಿನ ಕೋಣೆಯಲ್ಲಿ ಇವಳು ಬದುಕಿರುವವರೆಗೂ ಇರಬಹುದು ಅಂತ ಬರೆದುಕೊಟ್ಟು ರಿಜಿಸ್ಟರ್ ಮಾಡಿಸಿದ್ದ. ದಂಡಿಗನಹಳ್ಳಿಯಲ್ಲಿದ್ದ ಮೊಮ್ಮಗಳ ಬಾಣಂತನಕ್ಕೆ ಹೋಗಿದ್ದಳು, ಅಷ್ಟರಲ್ಲಿ ಅಣ್ಣನ ಮಗ ಮನೆ ಮಾರಿ ಮೈಸೂರು ಸೇರಿದ್ದ. ಅವಳಿಗೂ ಒಂದು ಮಾತು ಹೇಳಿರಲಿಲ್ಲ. ಪೆಟ್ಟಿಗೆಯೊಳಗಿಂದ ಕಾಗದ ತೆಗೆದುಕೊಟ್ಟಳು. ನಮ್ಮ ಯಜಮಾನರು ಕನ್ನಡಕ ಒರೆಸಿ ಎರಡು ಸಲ ಓದಿದರು. ದಿನವಿಡೀ ಇಂಥ ಕಾಗದಗಳ ನಡುವೆ ಬದುಕುವ ಮನುಷ್ಯ, ಕೊಳ್ಳುವ ಮುಂಚೆ ರಿಜಿಸ್ಟರ್ ಕಚೇರಿಯಲ್ಲಿ ಹುಡುಕಿಸಲು ನನ್ನ ಆತುರ ಅವರಿಗೆ ಪುರಸೊತ್ತು ಕೊಟ್ಟಿರಲಿಲ್ಲ. "ಇದು ಗಟ್ಟಿ ಕಣೇ" ಅಂದು ಮಡಿಸಿ ವಾಪಸು ಕೊಟ್ಟರು.

ಆ ಕೋಣೆಯಿಂದ ಬೀದಿಗೆ ಬರಬೇಕಾದರೆ ನನ್ನ ಅಡುಗೆಮನೆ ದಾಟಬೇಕು. ಮತ್ತೆ ಅದೇ ಕಥೆ. ನಾನು ಒಗ್ಗರಣೆ ಹಾಕುವಾಗ ಬೆನ್ನ ಹಿಂದೆ ಅವಳು, ತಟ್ಟೆಯ ಮುಂದೆ ಕೂತರೆ ಪಕ್ಕದಲ್ಲಿ ಅವಳ ಕಾಲು. ನಮ್ಮ ಜೊತೆ ಜಗಳವಿಲ್ಲ, ಏನನ್ನೂ ಕೇಳುವುದಿಲ್ಲ, ತನ್ನ ಮುದ್ದೆ ತಾನೇ ತಿರುವಿಕೊಳ್ಳುತ್ತಿದ್ದಳು. ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು. ವಕೀಲರನ್ನು ಕೇಳಿದೆವು. ದಾವೆ ಹಾಕಬಹುದು, ಕೋಣೆಗೆ ಬದಲಾಗಿ ಹಣ ಕೊಟ್ಟು ಬಿಡಿಸಬಹುದು, ಎರಡಕ್ಕೂ ಖರ್ಚಿದೆ ಅಂದರು. ಅಮ್ಮನ ಮನೆ ಮಾರಿದ್ದರಲ್ಲಿ ಒಂದಿಷ್ಟು ಉಳಿದಿತ್ತು, ಅದನ್ನು ಇದಕ್ಕೇ ಅಂತ ಎತ್ತಿಟ್ಟೆ. ಎತ್ತಿಟ್ಟರೂ ಮನಸ್ಸಿನ ಕುದಿ ಆರಲಿಲ್ಲ. ಆ ದಲ್ಲಾಳಿಗಳ ಮುಖ ನೋಡಿ ಕೇಳಬೇಕು ಅನ್ನಿಸಿತು.

ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಯುದ್ಧದ ಕಾಲದ ಬಸ್ಸು. ಏರು ಬಂದಲ್ಲೆಲ್ಲ ನಿಲ್ಲಿಸಿ ಗಾಳಿಚಕ್ರ ತಿರುಗಿಸಿ ಕೆಂಡ ಊದಬೇಕು. ಹಾಸನದಿಂದ ಚನ್ನರಾಯಪಟ್ಟಣ ಮುಟ್ಟುವುದರೊಳಗೆ ನಾನು ಅವರನ್ನು ಬಯ್ಯುವ ಮಾತುಗಳನ್ನು ನೂರು ಸಲ ಜೋಡಿಸಿದ್ದೆ. ಅವರು ಮನೆಯ ಜಗಲಿಯ ಮೇಲೆ ಕೂತು ಬೇಳೆ ಆರಿಸುತ್ತಿದ್ದರು. ನಾನು ನಿಂತುಕೊಂಡೇ ಜೋಡಿಸಿದ್ದನ್ನೆಲ್ಲ ಅಂದೆ. ಅಪ್ಪನ ಕಾಲದಿಂದ ನಂಬಿದ್ದೆವು ಅಂದೆ, ಕಣ್ಣೆದುರಿಗೆ ನನ್ನನ್ನು ಹಳ್ಳಕ್ಕೆ ತಳ್ಳಿದಿರಿ ಅಂದೆ. ಒಳಗಿನಿಂದ ಅವರ ಮನೆಯವರು ಬಾಗಿಲಿಗೆ ಬಂದು ನಿಂತರು. ದಲ್ಲಾಳಿಗಳು ನಾನು ಮುಗಿಸುವವರೆಗೂ ತಲೆ ಎತ್ತಲಿಲ್ಲ.

"ಒಬ್ಬರನ್ನ ಇಟ್ಕೊಳಿ ಅಂತ ಮೂರು ಸಲ ಹೇಳ್ದೆ ತಾಯಿ. ಅದಕ್ಕಿಂತ ಜಾಸ್ತಿ ಹೇಳೋ ಹಂಗಿರಲಿಲ್ಲ" ಅಂದರು. ಆಮೇಲೆ ಬೇಳೆಯಿಂದ ಒಂದು ಕಲ್ಲು ಆರಿಸಿ ಬಿಸಾಡಿ, ನನ್ನ ಮುಖ ನೋಡಿ, "ಹೊಳೆನರಸೀಪುರದಲ್ಲಿ ನೀವು ನಂಗೆ ಕೊಟ್ಟಿದ್ದು ಸುಮ್ನಿರೋದಕ್ಕೆ ತಾನೇ? ಹಾಸನದ ಮನೆಯೋರೂ ಅದಕ್ಕೇ ಕೊಟ್ರು" ಅಂದರು.

ನಾನು ಕೂತೆ. ಅವರ ಹೆಂಡತಿ ನೀರು ಬೆಲ್ಲ ತಂದಿಟ್ಟರು. ಅವರು ಈಗ ಆ ಕಸುಬು ಬಿಟ್ಟಿದ್ದಾರಂತೆ, ಹೊಸಬರ ಜೊತೆ ಓಡಲು ಆಗದು ಅಂದರು. ಹೊರಡುವಾಗ ಅವರು ಕೇಳಿದ್ದು ಒಂದೇ, ಆ ಹೊಗೆಸೊಪ್ಪಿನವರು ಅಡುಗೆಮನೆಯಲ್ಲಿ ಏನಿಟ್ಟುಕೊಂಡಿದ್ದಾರೋ ಗೊತ್ತಾ ಅಂತ. ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಅಂತ ಆವರೆಗೆ ಅನ್ನಿಸಿಯೂ ಇರಲಿಲ್ಲ.

ಅಲ್ಲಿಂದ ಬಂದ ಮೇಲೆ ಮನೆಯಲ್ಲಿ ನಿಲ್ಲಲು ಆಗಲಿಲ್ಲ. ಮೋಡ ಕಟ್ಟಿದರೆ ಸಾಕು ಹೊರಗೆ ಬಂದು ನೋಡುತ್ತಿದ್ದೆ. ಅದು ಅವರ ಹಣೆಬರಹ ಅಂದುಕೊಂಡೆ, ಅವರ ದಲ್ಲಾಳಿ ನೋಡಿಕೊಳ್ಳಬೇಕಿತ್ತು ಅಂದುಕೊಂಡೆ. ಯಾವುದೂ ಎರಡು ದಿನಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಜ್ಯೇಷ್ಠದ ಕೊನೆಗೆ ಪಡುವಣ ಕಡೆ ಮಳೆ ಹಿಡಿದಿದೆ, ಹೊಳೆ ಕೆಂಪಾಗಿದೆ ಅಂತ ಸುದ್ದಿ ಬಂತು. ಯಜಮಾನರಿಗೆ ಸಂಜೆಯೊಳಗೆ ಬರುತ್ತೇನೆ ಅಂತ ಹೇಳಿ ಹೊಳೆನರಸೀಪುರಕ್ಕೆ ಬೆಳಗಿನ ರೈಲು ಹತ್ತಿದೆ.

ಹೊಗೆಸೊಪ್ಪಿನವರ ಹೆಂಡತಿ ಒಬ್ಬಳೇ ಇದ್ದಳು, ಗಂಡ ಅರಕಲಗೂಡಿನ ಹೊಲಕ್ಕೆ ಹೋಗಿದ್ದ. ಗುರುತು ಹಿಡಿದು ಒಳಗೆ ಕರೆದಳು. ಗೋಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ, ಎಲ್ಲ ಲಕ್ಷಣವಾಗಿತ್ತು. ಅಡುಗೆಮನೆಯ ಮೂಲೆಯಲ್ಲಿ ಒಂದು ಹೊಸ ಚಪ್ಪಡಿ ಕಲ್ಲು, ಸುತ್ತ ಮಣ್ಣು ಮೆತ್ತಿ ಸೆಗಣಿ ಸಾರಿಸಿತ್ತು, ಮೇಲೆ ಎರಡು ಮಡಕೆ. ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅದು ಹಗೇವು. ನೆಲ ತೋಡಿ ರಾಗಿ ತುಂಬಿ ಬಾಯಿ ಮುಚ್ಚಿದ್ದಾರೆ. ಹಳ್ಳಿಯಲ್ಲಿ ಒಣ ನೆಲದಲ್ಲಿ ಮಾಡಿದರೆ ರಾಗಿ ವರ್ಷಗಟ್ಟಲೆ ಕೆಡದು. ಇವರು ಹಳ್ಳಿಯ ರೂಢಿಯಂತೆ ಇಲ್ಲಿ, ಈ ನೆಲದಲ್ಲಿ ತೋಡಿದ್ದರು.

ರಾಗಿ ಇವತ್ತೇ ಮೇಲೆ ತೆಗೆಯಿರಿ, ಕೆಳಗೆ ಜಲ ಬರುತ್ತದೆ ಅಂದೆ. ಅವಳ ಮುಖ ಬಿಗಿಯಿತು. ಯಾವ ರಾಗಿ, ಇಲ್ಲಿ ಯಾವ ರಾಗಿಯೂ ಇಲ್ಲ ಅಂದಳು. ನನಗೆ ತಡವಾಗಿ ಹೊಳೆಯಿತು. ಆ ವರ್ಷಗಳಲ್ಲಿ ಸರ್ಕಾರದವರು ರೈತರ ಮನೆ ಹೊಕ್ಕು, ಉಣ್ಣಲು ಇಷ್ಟು ಅಂತ ಬಿಟ್ಟು ಉಳಿದ ಧಾನ್ಯ ಅಳೆದುಕೊಂಡು ಹೋಗುತ್ತಿದ್ದರು. ಬಚ್ಚಿಟ್ಟದ್ದು ಸಿಕ್ಕರೆ ದಂಡ.

"ನಿಮ್ಮ ಯಜಮಾನ್ರು ತಾಲ್ಲೂಕು ಕಚೇರಿಯೋರಲ್ವಾ? ನೋಡ್ಕಂಡು ಬಾ ಅಂತ ಕಳಿಸವ್ರೆ ಅಲ್ವೇನಕ್ಕಾ?" ಅಂದಳು.

ದೇವರಾಣೆ ಅಲ್ಲ ಅಂದೆ. ಅವಳು ಚಪ್ಪಡಿಯ ಮೇಲೆ ಹೋಗಿ ಕೂತಳು. ನಾನು ಏನು ಹೇಳಿದರೂ ಏಳಲಿಲ್ಲ. ಹೊಳೆಯ ಕಡೆಯಿಂದ ಬರುವ ಗಾಳಿ ಆಗಲೇ ಹಸಿ ಹಸಿಯಾಗಿತ್ತು. ಒಂದು ಗಂಟೆ ಹೀಗೇ ಕಳೆಯಿತು. ನಿಮಗೆ ಹೇಳಿ ನನಗೇನು ಬರಬೇಕು ಅಂದರೆ, ಅದೇ ನಾನೂ ಕೇಳ್ತಿರೋದು ಅಂದಳು. ಕೊನೆಗೆ ಬೇರೆ ದಾರಿ ಕಾಣದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾರುವಾಗಲೇ ನನಗೆ ಗೊತ್ತಿತ್ತು, ಅಮ್ಮನ ಹಲಗೆಗಳನ್ನು ನಾನೇ ಎತ್ತಿಸಿದೆ, ದಲ್ಲಾಳಿಗೆ ದುಡ್ಡು ಕೊಟ್ಟು ಬಾಯಿ ಕಟ್ಟಿದೆ, ನೀನು ಹಿಮ್ಮಡಿ ಒತ್ತಿ ತಂಪಾಗೈತೆ ಅಂದಾಗ ಬೇರೆ ಕಡೆ ನೋಡಿದೆ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇದನ್ನು ಹೇಳುವುದಕ್ಕೆ ಯಾವ ಸರ್ಕಾರವೂ ನನ್ನನ್ನು ಕಳಿಸಿರಲಾರದು ಅಂತ ಅವಳಿಗೆ ಅನ್ನಿಸಿರಬೇಕು. ಎದ್ದು ಹೋಗಿ ಬೀದಿಬಾಗಿಲಿಗೆ ಅಗುಳಿ ಹಾಕಿದಳು.

ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಸ್ವಲ್ಪ ಹೊತ್ತು ಬಿಟ್ಟು, ದೀಪ ಇಳಿಸಿ ನೋಡಿದೆವು. ದೀಪ ಉರಿಯಿತು. ಎದೆಮಟ್ಟದ ಗುಂಡಿ. ಅವಳು ಇಳಿದು ಬುಟ್ಟಿ ತುಂಬಿಕೊಟ್ಟಳು, ನಾನು ಮೇಲೆ ಎಳೆದು ನಡುಮನೆಯಲ್ಲಿ ಸುರಿದೆ. ಮೇಲಿನ ರಾಗಿ ಚೆನ್ನಾಗಿತ್ತು. ಅರ್ಧ ಇಳಿಯುವುದರೊಳಗೆ ಬಿಸಿ, ಮುಗ್ಗಲು ವಾಸನೆ. ತಳದಲ್ಲಿ ಕೈ ಹಾಕಿದರೆ ಮುದ್ದೆ ಮುದ್ದೆಯಾಗಿ ಬಂತು. ಅವಳು ಆ ಕೊಳೆತ ಮುದ್ದೆಯೊಂದನ್ನು ಎತ್ತಿ ನನ್ನ ಕಾಲ ಹತ್ತಿರ ಇಟ್ಟಳು. ಸಂಜೆಯ ರೈಲು ತಪ್ಪಿಹೋಯಿತು. ಅವರ ಮನೆಯಲ್ಲೇ ಆ ರಾಗಿಯ ಪಕ್ಕದಲ್ಲಿ ಮಲಗಿ ಮರುದಿನ ಬಂದೆ.

ಎಂಟು ದಿನಕ್ಕೆ ಅವಳ ಗಂಡ ಹಾಸನಕ್ಕೆ ಬಂದ. ಕೂಗಾಡಲಿಲ್ಲ. ನೆಲ ಎತ್ತರಿಸಿ ಕಲ್ಲು ಹಾಸಬೇಕು, ಕೆಟ್ಟ ರಾಗಿಯದ್ದೂ ಸೇರಿ ಇಷ್ಟಾಗುತ್ತದೆ ಅಂದ. ಕಟ್ಟುಪಾಡಿನ ಪ್ರಕಾರ ನಾವು ಕೊಡಬೇಕಾಗಿರಲಿಲ್ಲ, ಯಜಮಾನರು ಅದನ್ನೇ ಹೇಳಲು ಬಾಯಿ ತೆರೆದರು. ನಾನು ಒಳಗೆ ಹೋಗಿ ವಕೀಲರಿಗೆ ಅಂತ ಇಟ್ಟಿದ್ದ ಗಂಟು ತಂದುಕೊಟ್ಟೆ. ಅವನು ಹೋದ ಮೇಲೆ ಯಜಮಾನರು ಕೇಳಿದರು, ಹಾಗಾದರೆ ಹಿಂದಿನ ಕೋಣೆ? ಇನ್ನು ಅದನ್ನು ಬಿಡಿಸುವ ದಾರಿ ನನ್ನಲ್ಲಿ ಉಳಿದಿರಲಿಲ್ಲ.

ಮಧ್ಯಾಹ್ನ ಮುದುಕಿ ಕೋಣೆಯ ಬಾಗಿಲಲ್ಲಿ ಮೊರ ಇಟ್ಟುಕೊಂಡು ಹುರುಳಿ ಕೇರುತ್ತಿದ್ದಳು. ಹೊಗೆಸೊಪ್ಪಿನವನ ಮಾತು, ನಮ್ಮ ಮಾತು ಎಲ್ಲ ಅವಳಿಗೆ ಕೇಳಿಸಿರಲೇಬೇಕು, ಎಷ್ಟೆಂದರೂ ನಡುವೆ ಇದ್ದದ್ದು ನನ್ನ ಅಡುಗೆಮನೆಯೊಂದೇ. ನಾನು ಬಂದು ಅಡುಗೆಮನೆಯ ನೆಲದ ಮೇಲೆ ಕೂತೆ. ಅವಳು ನಮ್ಮ ಮನೆಗೆ ಬಂದು ಮೂರು ತಿಂಗಳಾಗಿತ್ತು, ಅವಳ ಎದುರು ನಾನು ಕೂತದ್ದು ಅದೇ ಮೊದಲು. ಅವಳು ಸ್ವಲ್ಪ ಹೊತ್ತು ಕೇರಿದಳು. ಕೈ ನಿಲ್ಲಿಸಿ ಕೇಳಿದಳು.

"ಅಲ್ಲ ಕಣವ್ವಾ, ಇಂಗೆ ಒಬ್ಳು ಮುದ್ಕಿ ಅವ್ಳೆ ಅಂತ ಮೊದ್ಲೇ ಯೋಳಿದ್ರೆ, ಈ ಮನೆ ತಕ್ಕತಿದ್ದಾ ನೀನು?"

ಸುಳ್ಳು ಹೇಳಬಹುದಿತ್ತು. ನನಗೆ ಸಾಕಾಗಿತ್ತು.

"ಇಲ್ಲ, ತಗೋತಿರಲಿಲ್ಲ" ಅಂದೆ.

ಅವಳು ತಲೆಯಾಡಿಸಿದಳು. ಮೊರದಿಂದ ಒಂದು ಕಡ್ಡಿ ಆರಿಸಿ ಹಿತ್ತಲಿಗೆ ಎಸೆದಳು.

"ನಾನಾದ್ರೂ ತಕ್ಕತಿರ್ಲಿಲ್ಲ ಬುಡು" ಅಂದಳು.